ಅಂಟು ಬಿಟ್ಟ ವಿಮಾನ

1988ರ ಏಪ್ರಿಲ್ 28. ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ 24,000 ಅಡಿ ಎತ್ತರದಲ್ಲಿ ಸುಮಾರು 18 ಅಡಿಯಷ್ಟು ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಯ ಸೆಳೆತಕ್ಕೆ ಸಿಕ್ಕಿ ಕಣ್ಮರೆಯಾದರು. ಉಳಿದ 94 ಮಂದಿ ಬದುಕಿದ್ದೇ ಹೆಚ್ಚು.

1969ರ ಆ ವಿಮಾನ ಅಷ್ಟರಲ್ಲಿ ಸುಮಾರು 90,000 ಬಾರಿ ಹಾರಿ ಇಳಿದಿತ್ತು. ದ್ವೀಪದಿಂದ ದ್ವೀಪಕ್ಕೆ ಸಿಟಿ ಬಸ್ಸಿನ ಓಡಾಟವೆನ್ನಿ. ಅದರ ಅಲ್ಯೂಮಿನಿಯಂ ತಗಡುಗಳ ಅಂಚನ್ನು ಒಂದರ ಮೇಲೊಂದಿಟ್ಟು, ಎಪಾಕ್ಸಿ ಅಂಟಿನಿಂದ ಬೆಸೆದು, ರಿವೆಟ್ ಹೊಡೆದಿದ್ದರು. ಭಾರ ಹೊರಬೇಕಾದದ್ದು ಮುಖ್ಯವಾಗಿ ಅಂಟು. ಆದರೆ ಅಂಟು ಹಿಡಿಯುವುದು ಲೋಹದ ಮೇಲೇನಿದೆಯೋ ಅದನ್ನು: ಎಣ್ಣೆಯ ಪಸೆಯಿದ್ದರೆ ಪಸೆಯನ್ನೇ. ಮೇಲ್ಮೈಯನ್ನು ಸಿದ್ಧಗೊಳಿಸುವ ಅಂದಿನ ಕ್ರಮ ಎಲ್ಲ ಕಡೆಯೂ ಸಾಲಲಿಲ್ಲ. ಅಂಟು ಬಿಟ್ಟಲ್ಲಿ ತೇವ ನುಗ್ಗಿತು, ತುಕ್ಕು ಹಿಡಿಯಿತು, ಭಾರ ರಿವೆಟ್‌ಗಳ ಮೇಲೆ ಬಿತ್ತು. ಅವುಗಳ ರಂಧ್ರಗಳಲ್ಲಿ ಹುಟ್ಟಿದ ಬಿರುಕುಗಳು ಒಂದಕ್ಕೊಂದು ಸೇರಿದವು. ಬೋಯಿಂಗ್ 1972ರಲ್ಲೇ ಆ ವಿಧಾನವನ್ನು ಕೈಬಿಟ್ಟಿತ್ತು. ಹಳೆಯ ವಿಮಾನಗಳು ಮಾತ್ರ ಹಾರುತ್ತಲೇ ಇದ್ದವು. ಅಂಟು ಬಿಟ್ಟದ್ದನ್ನು ವಿಮಾನ ಸಂಸ್ಥೆಯ ತಪಾಸಣೆ ಪತ್ತೆಹಚ್ಚಲಿಲ್ಲವೆಂದು 1989ರ ತನಿಖಾ ವರದಿ ಹೇಳಿತು.

ಇಂದು ಹಲವು ಕಾರ್ಖಾನೆಗಳು ಅಂಟು ಹಚ್ಚುವ ಮುನ್ನ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಅಯಾನುಗೊಂಡ ಅನಿಲ, ಹಾಯಿಸಿ ಕಣ್ಣಿಗೆ ಕಾಣದ ಪಸೆಯನ್ನೂ ಕಳೆಯುತ್ತವೆ. ಪರೀಕ್ಷೆ ಸರಳ. ನೀರ ಹನಿ ಹರಡಿಕೊಳ್ಳಬೇಕು. ಕೆಸುವಿನೆಲೆಯ ಮೇಲಿನಂತೆ ಮಣಿಯಾಗಿ ನಿಂತರೆ ಮತ್ತೆ ಶುಚಿಗೊಳಿಸಬೇಕು.