ಅತಿವಾಸ್ತವವಾದಿ ಭೂದೃಶ್ಯ ಚಿತ್ರಕಲೆ

ಕಂಡದ್ದನ್ನು ಕಂಡಂತೆ ಬರೆಯುವ ಶೈಲಿಯ ಸಲಕರಣೆಗಳನ್ನೇ ಇಟ್ಟುಕೊಂಡು ಆ ಶೈಲಿಯ ಮೇಲಿನ ನಂಬಿಕೆಯನ್ನು ಕದಲಿಸಿದ ಚಿತ್ರಪ್ರಕಾರ. 1920–30ರ ದಶಕಗಳಲ್ಲಿ ಪ್ಯಾರಿಸ್, ಬ್ರಸೆಲ್ಸ್‌ಗಳ ಕಲಾವಿದರ ನಡುವೆ ಬೆಳೆಯಿತು. ದಿಗಂತ, ನೆರಳು, ಪರ್ಸ್‌ಪೆಕ್ಟಿವ್ ಎಲ್ಲವೂ ಇಲ್ಲಿ ಉಂಟು. ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಷ್ಟೆ.

ಇದರ ಬೇರು ಜಾರ್ಜೊ ಡಿ ಕಿರಿಕೊನ (1888–1978) ಚಿತ್ರಗಳಲ್ಲಿದೆ. 1914ರ ‘ಬೀದಿಯೊಂದರ ರಹಸ್ಯ ಮತ್ತು ವಿಷಾದ’ದಲ್ಲಿ ಹುಡುಗಿಯೊಬ್ಬಳು ಬಳೆಚಕ್ರ ಉರುಳಿಸುತ್ತ ಓಡುತ್ತಾಳೆ. ಅವಳ ಎಡಬಲದ ಕಟ್ಟಡಗಳ ಗೆರೆಗಳು ಒಂದೇ ಬಿಂದುವಿಗೆ ಹೋಗಿ ಸೇರುವುದಿಲ್ಲ. ಬೀದಿ ನೋಡುವವರಿಗೆ ಅಳುಕು ಹುಟ್ಟಿಸುವುದು ಇದರಿಂದಲೇ. 1924ರಲ್ಲಿ ಆಂದ್ರೆ ಬ್ರೆಟನ್ ಪ್ರಕಟಿಸಿದ ಅತಿವಾಸ್ತವವಾದದ ಪ್ರಣಾಳಿಕೆ ಮುಖ್ಯವಾಗಿ ಬರವಣಿಗೆಯನ್ನು ಕುರಿತದ್ದು. ಚಿತ್ರಕಾರರಿಗೆ ಅಲ್ಲಿ ಸಿಕ್ಕದ್ದು ಒಂದು ಅಡಿಟಿಪ್ಪಣಿಯ ಜಾಗ. ಈವ್ ತಾಂಗಿ ಚಿತ್ರಕಲೆಗೆ ಬಂದದ್ದೂ ಕಿರಿಕೊನಿಂದ. ಅಂಗಡಿಯ ಕಿಟಕಿಯಲ್ಲಿ ಅವನ ಚಿತ್ರ ಕಂಡು ಬಸ್ಸಿನಿಂದ ಜಿಗಿದನೆಂದು ಹೇಳುತ್ತಾರೆ. ಶಾಲೆಯಲ್ಲಿ ಕಲಿಯದ ತಾಂಗಿಯ ಬಯಲುಗಳಲ್ಲಿ ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ.

ಸಾಲ್ವಡಾರ್ ಡಾಲಿಯ ‘ಸ್ಮೃತಿಯ ನಿರಂತರತೆ’ (1931) ಬರೀ 24×33 ಸೆಂ.ಮೀ. ಕರಗಿ ಜೋತುಬಿದ್ದ ಗಡಿಯಾರಗಳು ಎಲ್ಲರಿಗೂ ಗೊತ್ತು. ಹಿಂದಿನ ಬಂಡೆಗಳನ್ನು ಗಮನಿಸುವವರು ಕಡಿಮೆ. ಅವು ಅವನ ಊರಿನ ಕಡೆಯ, ಕೆಟಲೋನಿಯಾ ಕಡಲತೀರದ ಬಂಡೆಗಳು. ಬಂಡೆಯನ್ನು ನಂಬಿದ ಕಣ್ಣು ಗಡಿಯಾರವನ್ನೂ ನಂಬಲೇಬೇಕಾಗುತ್ತದೆ.

ಬೆಲ್ಜಿಯಂನ ರೆನೆ ಮಾಗ್ರಿತ್ ಇಷ್ಟು ವಿಚಿತ್ರವನ್ನೂ ತರಲಿಲ್ಲ. ‘ಮಾನವ ಸ್ಥಿತಿ’ (1933) ಚಿತ್ರದಲ್ಲಿ ಕಿಟಕಿಯ ಮುಂದೆ ಈಸೆಲ್, ಅದರ ಮೇಲೊಂದು ಕ್ಯಾನ್ವಾಸ್. ಕ್ಯಾನ್ವಾಸಿನ ಹೊಲ ಮತ್ತು ಮರ ಹೊರಗಿನ ಹೊಲಕ್ಕೆ ಸರಿಯಾಗಿ ಕೂಡಿಕೊಂಡಿವೆ. ಬಲ ಅಂಚಿನ ಬಿಳಿ ಪಟ್ಟಿ, ಅದಕ್ಕೆ ಹೊಡೆದ ಮೊಳೆಗಳು ಕಾಣದಿದ್ದರೆ ಅಲ್ಲೊಂದು ಚಿತ್ರವಿದೆಯೆಂದೇ ತಿಳಿಯದು. ಅದರ ಹಿಂದೆ ನಿಜಕ್ಕೂ ಮರವಿದೆಯೆ? ಹೊರಗಿನ ‘ನಿಜವಾದ’ ಹೊಲವೂ ಬಣ್ಣವೇ ತಾನೆ? ಭೂದೃಶ್ಯ ಚಿತ್ರವನ್ನು ಇದಕ್ಕಿಂತ ಸದ್ದಿಲ್ಲದೆ ಪ್ರಶ್ನಿಸಿದ ಕೃತಿ ಸಿಗುವುದು ಕಷ್ಟ. 1949ರಿಂದ ಹಲವು ಬಾರಿ ಬರೆದ ‘ಬೆಳಕಿನ ಸಾಮ್ರಾಜ್ಯ’ದಲ್ಲಿ ಹಗಲಿನ ಆಕಾಶದ ಕೆಳಗೆ ರಾತ್ರಿಯ ಮನೆಯಿದೆ.

ಮ್ಯಾಕ್ಸ್ ಅರ್ನ್‌ಸ್ಟ್ ಉಲ್ಟಾ ದಾರಿ ಹಿಡಿದ. ಹಸಿ ಬಣ್ಣದ ಮೇಲೆ ಗಾಜನ್ನೋ ಕಾಗದವನ್ನೋ ಒತ್ತಿ ಎತ್ತಿದಾಗ ತಾನಾಗಿ ಮೂಡುವ ಗುರುತುಗಳಿಂದ ಶುರುಮಾಡಿ, ಆಮೇಲೆ ಕುಂಚ ಹಿಡಿದು ಅಚ್ಚುಕಟ್ಟಾಗಿ ನೀಲಿ ಆಕಾಶ ಬರೆಯುತ್ತಿದ್ದ. ಆಕಾಶ ಬಂದೊಡನೆ ಕಲೆಗಳೆಲ್ಲ ಬಂಡೆ, ಕೊಳೆತ ಗಿಡಗಳಾಗುತ್ತವೆ. ಹೀಗೆ ಫ್ರಾನ್ಸಿನಲ್ಲಿ ಆರಂಭಿಸಿದ ‘ಮಳೆಯ ನಂತರದ ಯುರೋಪ್’ ಅನ್ನು ಯುದ್ಧದಿಂದ ತಪ್ಪಿಸಿಕೊಂಡು ಹೋಗಿ 1942ರಲ್ಲಿ ಅಮೆರಿಕದಲ್ಲಿ ಮುಗಿಸಿದ.