ಕಾಂಪೌಂಡರ್ ಕೈಯಿಂದ ಮನೆಯವರ ಕೈಗೆ: ಚಿತ್ರದುರ್ಗ ಸೀಮೆಯ ಸೂಜಿಮದ್ದು

ಚಿತ್ರದುರ್ಗ ಸೀಮೆಯ ಮನೆಗಳಿಗೆ ಸೂಜಿ ಮೊದಲು ಬಂದದ್ದು ಸರ್ಕಾರದ ಕೈಯಲ್ಲಿ, ಅದೂ ಕಾಯಿಲೆ ಇಲ್ಲದವರಿಗಾಗಿ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದೇವಿ ಹಾಕುವ ಪದ್ಧತಿ ಮೈಸೂರು ಸಂಸ್ಥಾನದಲ್ಲಿ 19ನೇ ಶತಮಾನದ ಆರಂಭದಷ್ಟು ಹಳೆಯದು. 1898ರಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟಾಗ ಅದರ ಹಿಂದೆಯೇ ಪ್ಲೇಗಿನ ಲಸಿಕೆಯೂ ಬಂತು. ಚುಚ್ಚುವವರು ಹೊರಗಿನಿಂದ ಬರುತ್ತಿದ್ದರು, ಚುಚ್ಚಿ ಹೋಗುತ್ತಿದ್ದರು. ಸೂಜಿಯೂ ಅವರ ಚೀಲದಲ್ಲೇ ಹಿಂದಿರುಗುತ್ತಿತ್ತು. ಮನೆಯವರ ಪಾಲಿಗೆ ಉಳಿಯುತ್ತಿದ್ದದ್ದು ತೋಳಿನ ಮೇಲಿನ ಗುರುತು ಮಾತ್ರ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸೂಜಿಯ ಯಜಮಾನಿಕೆ ಕಾಂಪೌಂಡರದ್ದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ಗಾಜಿನ ಸಿರಿಂಜು ಸ್ಟೀಲು ಡಬ್ಬಿಯ ನೀರಿನಲ್ಲಿ ಕುದಿಯುತ್ತಿದ್ದ ಕಾಲ ಅದು. ಪೆನ್ಸಿಲಿನ್ ಬಂದ ಮೇಲೆ ಸೂಜಿಯ ಮಹಿಮೆ ಎಷ್ಟು ಹೆಚ್ಚಿತೆಂದರೆ, ಬರೀ ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರಿಗೆ ಏನೂ ಬರುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಸಲೀಸಾಗಿ ಹುಟ್ಟುತ್ತಿತ್ತು. ನೆಗಡಿಗೂ ಸೂಜಿ, ಮೈಕೈ ನೋವಿಗೂ ಸೂಜಿ. ಈ ನಂಬಿಕೆಗೆ ದೇಶ ತೆತ್ತ ಬೆಲೆ 2000ದ ದಶಕದ ಆರಂಭದಲ್ಲಿ ನಡೆದ ರಾಷ್ಟ್ರಮಟ್ಟದ ಅಧ್ಯಯನವೊಂದರಲ್ಲಿ ಬಯಲಾಯಿತು: ಭಾರತದಲ್ಲಿ ವರ್ಷಕ್ಕೆ ಹಾಕುತ್ತಿದ್ದ ಸುಮಾರು 300 ಕೋಟಿ ಇಂಜೆಕ್ಷನ್‌ಗಳಲ್ಲಿ ಶೇ 63ರಷ್ಟು ಸುರಕ್ಷಿತವಾಗಿರಲಿಲ್ಲ. ಸರಿಯಾಗಿ ಕುದಿಸದ, ಮತ್ತೆ ಮತ್ತೆ ಬಳಸಿದ ಸೂಜಿಗಳು ಕಾಮಾಲೆಯ ವೈರಸ್ಸನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದವು.

ಮನೆಯವರೇ ತಮಗೆ ತಾವು ಚುಚ್ಚಿಕೊಳ್ಳುವ ಸೂಜಿಯನ್ನು ತಂದದ್ದು ಸಕ್ಕರೆ ಕಾಯಿಲೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಮೊದಲ ಬಾರಿಗೆ ಕೊಡಲಾಯಿತು. ದಿನದಿನವೂ ಬೇಕಾದ ಔಷಧಕ್ಕಾಗಿ ಆಸ್ಪತ್ರೆಗೆ ಅಲೆಯಲಾಗದು ಎಂಬುದು ಎಲ್ಲ ದೇಶಗಳಲ್ಲೂ ಬೇಗನೆ ಸ್ಪಷ್ಟವಾಯಿತು. ಆಸ್ಪತ್ರೆ ದೂರವಿದ್ದ ಈ ಒಣ ಸೀಮೆಯಲ್ಲಂತೂ ಬೇರೆ ದಾರಿಯೇ ಇರಲಿಲ್ಲ. ಜಿಲ್ಲೆಯ ಮೊದಲ ವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾದದ್ದು ದಾವಣಗೆರೆಯಲ್ಲಿ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಆ ಕಾಲೇಜೂ ಅತ್ತ ಹೋಯಿತು. ಚಿತ್ರದುರ್ಗ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆಯಲು 2023ರವರೆಗೆ ಕಾಯಬೇಕಾಯಿತು.

ಇನ್ಸುಲಿನ್ನಿನ ಜೊತೆಗೆ ಕಾಂಪೌಂಡರ್ ಮಾಡುತ್ತಿದ್ದ ಕೆಲಸಗಳೆಲ್ಲ ಮನೆಗೆ ಬಂದವು. ಸಿರಿಂಜು ಕುದಿಸುವ ಕೆಲಸವನ್ನು ಪ್ಲಾಸ್ಟಿಕ್ ಸಿರಿಂಜು ತಪ್ಪಿಸಿತು. ಅಳತೆಯ ಕೆಲಸ ಮಾತ್ರ ಇಂದಿಗೂ ತಪ್ಪಿಲ್ಲ. ಭಾರತದ ಬಾಟಲಿ ಇನ್ಸುಲಿನ್ನಿನಲ್ಲಿ ಹೆಚ್ಚಿನದು ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನುಗಳಲ್ಲಿರುವುದು, ಹೊರದೇಶಗಳಲ್ಲಿ ರೂಢಿಯಲ್ಲಿರುವುದು 100 ಯೂನಿಟ್‌ನದು, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇವೆರಡನ್ನು ಅದಲುಬದಲು ಮಾಡಿದರೆ ಪ್ರಮಾಣ ಎರಡೂವರೆ ಪಟ್ಟು ಏರುತ್ತದೆ ಇಲ್ಲವೇ ಅಷ್ಟೇ ಪಟ್ಟು ಇಳಿಯುತ್ತದೆ. ಔಷಧದ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಮುಚ್ಚಳದ ಬಣ್ಣ ನೋಡಿ ಕೊಳ್ಳುವುದು ಸಕ್ಕರೆ ಕಾಯಿಲೆಯ ಮನೆಗಳು ಕಲಿತ ಮೊದಲ ಪಾಠ. 1985ರಲ್ಲಿ ಡೆನ್ಮಾರ್ಕಿನ ನೊವೊ ಕಂಪನಿ ಇನ್ಸುಲಿನ್ ಪೆನ್ನನ್ನು ತಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ತಾನೇ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು.

ಇನ್ಸುಲಿನ್ನಿನ ಬಳಿಕ ಮನೆಗೆ ಬಂದ ಸೂಜಿ ತೂಕ ಇಳಿಸುವ ಮದ್ದಿನದು. ಅದಕ್ಕೆ ಈ ಸೀಮೆಯಲ್ಲಿ ಗಿರಾಕಿಗಳು ಹುಟ್ಟಿದ್ದು ತೀರ ಈಚೆಗೆ; ಹಿಂದೆ ಇಲ್ಲಿನ ಚಿಂತೆ ಹಸಿವಿನದಾಗಿತ್ತು. 1876–78ರ ಬರ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು ಸುಮಾರು 50.5 ಲಕ್ಷದಿಂದ 41.8 ಲಕ್ಷಕ್ಕೆ ಇಳಿಸಿತ್ತು. ಮಳೆನೆರಳಿನ ಚಿತ್ರದುರ್ಗ ಅದರ ಏಟು ತಿಂದ ಜಿಲ್ಲೆಗಳಲ್ಲೊಂದು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯ ಅಣೆಕಟ್ಟನ್ನು 1898ರಿಂದ 1907ರವರೆಗೆ ಕಟ್ಟಿದ್ದು ಇಂಥ ಬರಗಳ ನೆನಪಿನಲ್ಲೇ. ಹೊಸದುರ್ಗದ ಸಾಮೆ, ಎಲ್ಲೆಡೆಯ ರಾಗಿ, ನವಣೆ, ಜೋಳ ತಿಂದು ಹೊಲದಲ್ಲಿ ಬಗ್ಗಿ ದುಡಿದ ಮೈಗೆ ಬೊಜ್ಜು ಕೂಡಲು ಎಡೆ ಇರಲಿಲ್ಲ. ಆಮೇಲೆ ಪಡಿತರದ ಅಕ್ಕಿ, ಕೊಳವೆ ಬಾವಿ, ಅಡಿಕೆ, ತೆಂಗು, ದಾಳಿಂಬೆಯ ದುಡ್ಡು, ಕುಳಿತು ಮಾಡುವ ಕೆಲಸ, ಬೈಕು ಬಂದವು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಅತಿತೂಕದವರು ಶೇ 23ರಷ್ಟಿದ್ದರು. 2019–21ರ ಸಮೀಕ್ಷೆಯ ಹೊತ್ತಿಗೆ ಶೇ 30 ಆದರು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ತೂಕ ಇಳಿಸಲು ವಾರಕ್ಕೊಮ್ಮೆ ಹಾಕಿಕೊಳ್ಳುವ ಈ ಸೂಜಿಯ ಮೂಲ ಕರುಳಿನ ಒಂದು ಹಾರ್ಮೋನು, ಜಿಎಲ್‌ಪಿ–1. ಉಂಡಾಗ ಅದು ಸ್ರವಿಸಿ ಇನ್ಸುಲಿನ್ನನ್ನು ಹೆಚ್ಚಿಸುತ್ತದೆ, ಹೊಟ್ಟೆ ಬೇಗ ಬರಿದಾಗದಂತೆ ತಡೆಯುತ್ತದೆ, ಸಾಕೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಆದರೆ ರಕ್ತದಲ್ಲಿ ಎರಡೇ ನಿಮಿಷಗಳಲ್ಲಿ ಅದರ ಅರ್ಧ ಕರಗಿಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಜಾನ್ ಎಂಗ್ ಎಂಬ ಅಮೆರಿಕದ ವೈದ್ಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ ಇದನ್ನೇ ಹೋಲುವ, ಬೇಗ ಕರಗದ ವಸ್ತುವೊಂದನ್ನು ಕಂಡುಹಿಡಿದ. ಅದರಿಂದ 2005ರಲ್ಲಿ ದಿನಕ್ಕೆರಡು ಬಾರಿಯ ಔಷಧವಾಯಿತು. ಬಳಿಕ ದಿನಕ್ಕೊಮ್ಮೆಯ ಲಿರಾಗ್ಲುಟೈಡ್ ಬಂತು. ಇದರ ಜನರಿಕ್ ರೂಪಕ್ಕೆ 2024ರಲ್ಲಿ ಬಯೋಕಾನ್ ಬ್ರಿಟನ್ನಿನ ಅನುಮತಿ ಪಡೆಯಿತು. ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಒಂದು ವಾರದ ತನಕ ಉಳಿಯುವ ಸೆಮಾಗ್ಲುಟೈಡ್, ಆನಂತರ ಎರಡು ಹಾರ್ಮೋನುಗಳ ಕೆಲಸವನ್ನು ಒಟ್ಟಿಗೆ ಮಾಡುವ ಟಿರ್ಜೆಪಟೈಡ್ ಬಂದ ಮೇಲೆ ವಾರದ ಸೂಜಿ ಲೋಕಪ್ರಸಿದ್ಧವಾಯಿತು.

ಭಾರತದಲ್ಲಿ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಿನಲ್ಲಿ ಬಂತು. ಮೊದಲಿಗೆ ಪೆನ್ನಾಗಿ ಅಲ್ಲ, ಬಾಟಲಿಯಲ್ಲಿ: 2.5 ಮಿಲಿಗ್ರಾಮಿನ ಒಂದಕ್ಕೆ ಆಗ 3,500 ರೂಪಾಯಿ, ತಿಂಗಳಿಗೆ 14,000. ಅದೇ ವರ್ಷದ ಜೂನ್‌ನಲ್ಲಿ ಸೆಮಾಗ್ಲುಟೈಡಿನ ವೆಗೋವಿ ಪೆನ್ನು ಬಂತು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡಿನ ಪೇಟೆಂಟ್ ಮುಗಿದು ದೇಶೀಯ ಕಂಪನಿಗಳಿಗೆ ದಾರಿ ತೆರೆಯಿತು. ಬೆಂಗಳೂರಿನ ಸಿರಿವಂತರ ಮದ್ದಾಗಿದ್ದದ್ದು ಜಿಲ್ಲಾ ಕೇಂದ್ರದ ಔಷಧದ ಅಂಗಡಿಯ ಫ್ರಿಜ್ಜಿಗೂ ಬರುವ ಹೊತ್ತು ಇದು.

ಬಾಟಲಿ ಬಂದಲ್ಲೆಲ್ಲ ಮುಚ್ಚಳದ ಬಣ್ಣದ ಹಳೆಯ ಪಾಠವೂ ಮರಳಿತು. ಅರ್ಧ ಮಿಲಿಲೀಟರು ಎಂಬುದು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 50ರ ಗೆರೆ, ಕೆಂಪು ಮುಚ್ಚಳದ್ದರಲ್ಲಿ 20ರ ಗೆರೆ. ಮನೆಯ ಹಿರಿಯರ ಇನ್ಸುಲಿನ್ ಸಿರಿಂಜನ್ನೇ ಎತ್ತಿಕೊಂಡು ಅಂದಾಜಿನಲ್ಲಿ ಎಳೆದರೆ ತಪ್ಪಾಗದಿರುವುದೇ ಆಶ್ಚರ್ಯ. ಯಾವ ಸಿರಿಂಜು, ಯಾವ ಗೆರೆ ಎಂಬುದನ್ನು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಬೇಕು. ಮೊದಲ ಪ್ರಮಾಣ ತೂಕ ಇಳಿಸಲು ಇರುವುದಲ್ಲ, ಹೊಟ್ಟೆಯನ್ನು ಒಗ್ಗಿಸಲು ಇರುವುದು: ಸೆಮಾಗ್ಲುಟೈಡ್ 0.25, ಟಿರ್ಜೆಪಟೈಡ್ 2.5 ಮಿಲಿಗ್ರಾಮಿನಿಂದ ಶುರುವಾಗಿ ಕನಿಷ್ಠ ನಾಲ್ಕು ವಾರಕ್ಕೊಮ್ಮೆ ಮಾತ್ರ ಮೇಲೇರುತ್ತದೆ. ಚುಚ್ಚುವ ಜಾಗ ಹೊಟ್ಟೆ ಅಥವಾ ತೊಡೆಯ ಚರ್ಮದಡಿಯ ಕೊಬ್ಬು, ವಾರವಾರವೂ ಸ್ವಲ್ಪ ಸರಿಸಿ. ತೋಳಿಗಾದರೆ ಇನ್ನೊಬ್ಬರ ಕೈ ಇರುವುದು ಮೇಲು.

ವಾರದ ಲೆಕ್ಕ ಈ ಸೀಮೆಗೆ ಹೊಸದೇನಲ್ಲ. ಸಂತೆಯ ದಿನ, ಎತ್ತಿಗೆ ನೊಗ ಹೂಡದ ಸೋಮವಾರ, ಒಪ್ಪತ್ತಿನ ವಾರ ಎಂದು ಎಣಿಸುವ ಮನೆಗಳಲ್ಲಿ ಸೂಜಿಯ ದಿನವನ್ನೂ ಅದಕ್ಕೇ ಗಂಟು ಹಾಕಬಹುದು. ಮರೆತರೆ ಸೆಮಾಗ್ಲುಟೈಡನ್ನು ಐದು ದಿನದೊಳಗೆ, ಟಿರ್ಜೆಪಟೈಡನ್ನು ನಾಲ್ಕು ದಿನದೊಳಗೆ ತೆಗೆದುಕೊಳ್ಳಬಹುದು. ಅದು ಮೀರಿದರೆ ಆ ವಾರದ್ದನ್ನು ಬಿಟ್ಟೇಬಿಡಬೇಕು. ಎರಡು ವಾರದ್ದನ್ನು ಕೂಡಿಸಿ ಹಾಕಿಕೊಳ್ಳುವಂತಿಲ್ಲ.

ಮದ್ದು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಆದ್ದರಿಂದ ಫ್ರಿಜ್ಜಿನ ಐಸು ಕಟ್ಟುವ ಭಾಗಕ್ಕೆ ತಗಲುವಂತೆ ಇಡುವುದು ಸಲ್ಲದು. ಟಿರ್ಜೆಪಟೈಡ್ 30 ಡಿಗ್ರಿ ಮೀರದಿದ್ದರೆ ಹೊರಗೆ 21 ದಿನ ತಾಳುತ್ತದೆ. ಆದರೆ ಏಪ್ರಿಲ್‌ನಲ್ಲಿ ಹಿರಿಯೂರಿನ ಶೀಟು ಮನೆಯೊಳಗೆ 30 ಡಿಗ್ರಿ ಎಂಬುದು ಬೆಳಗಿನ ಜಾವದ ಮಾತು. ಇನ್ಸುಲಿನ್ನಿಗಾಗಿ ಮಣ್ಣಿನ ಮಡಕೆಯನ್ನು ತೇವದ ಮರಳಿನಲ್ಲಿಡುವ ಉಪಾಯ ಬಿಸಿಯನ್ನು ಕೆಲವು ಡಿಗ್ರಿ ಇಳಿಸುತ್ತದೆಯೇ ಹೊರತು ಫ್ರಿಜ್ಜಾಗುವುದಿಲ್ಲ. ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಮದ್ದು ಒಯ್ಯುವವರಿಗೆ ತಣ್ಣನೆಯ ಚೀಲ ಬೇಕು. ಬೈಕಿನ ಸೀಟಿನಡಿ ಅದರ ಜಾಗವಲ್ಲ.

ಈ ಮದ್ದುಗಳಿಂದ ಓಕರಿಕೆ, ಮಲಬದ್ಧತೆ, ಭೇದಿ ಸಾಮಾನ್ಯ. ಮಂಡಕ್ಕಿ–ಮಿರ್ಚಿಯಂಥ ಎಣ್ಣೆಯ ತಿನಿಸು ಓಕರಿಕೆಯನ್ನು ಹೆಚ್ಚಿಸುತ್ತದೆ. ಬೆನ್ನಿಗೆ ಹರಡುವ, ಬಿಡದ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಲಕ್ಷಣವಾಗಿರಬಹುದು; ಆಗ ಸೂಜಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇರುವ ಕುಟುಂಬದವರು ಇದನ್ನು ಬಳಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ಸಕ್ಕರೆ ದಿಢೀರನೆ ಇಳಿಯುವ ಭಯವಿದೆ, ಅವುಗಳ ಪ್ರಮಾಣವನ್ನು ವೈದ್ಯರು ತಗ್ಗಿಸಬೇಕಾಗಬಹುದು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದರಿಂದ ಬೇಳೆ, ಕಾಳು, ಮೊಟ್ಟೆ ಬಿಡುವಂತಿಲ್ಲ. ಸೆಮಾಗ್ಲುಟೈಡಿನ ಪ್ರಮುಖ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದವರಲ್ಲಿ ಒಂದೇ ವರ್ಷದಲ್ಲಿ ಅದರ ಮೂರನೇ ಎರಡು ಭಾಗ ಮರಳಿ ಬಂತು. ಮದುವೆಗೆ ಮುಂಚೆ ಮೂರು ತಿಂಗಳು ಹಾಕಿಸಿಕೊಂಡರೆ ಸಾಕು ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ: 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಸೆಮಾಗ್ಲುಟೈಡಿನ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬಿಲ್ಲಿಲ್ಲದೆ, ಫ್ರಿಜ್ಜಿನ ಹೊರಗಿಟ್ಟು ಕೊಡುವ ಮದ್ದನ್ನು ಕೊಳ್ಳಬಾರದು. ಇನ್ನು ಬಳಸಿದ ಸೂಜಿ. ಆಸ್ಪತ್ರೆಯ ಸೂಜಿಗಳಿಗೆ 1998ರಿಂದ ನಿಯಮಗಳಿವೆ. ಮನೆಯ ಸೂಜಿಯನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದು ಕರೆದು ಬೇರೆಯಾಗಿ ಕೊಡಲು ಹೇಳಿದವು. ತಿಪ್ಪೆಗೆ ಎಸೆದದ್ದು ಮುಂದೆ ಗೊಬ್ಬರ ಹೊರುವವರ ಪಾದಕ್ಕೋ ಕಸ ಆಯುವ ಪೌರಕಾರ್ಮಿಕರ ಬೆರಳಿಗೋ ಚುಚ್ಚುತ್ತದೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಬಾಯಿ ಭದ್ರಪಡಿಸಿ, ಹೆಸರು ಬರೆದು ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ ಕೊಡುವುದು ಸದ್ಯಕ್ಕಿರುವ ದಾರಿ.