ಅಂಗೈಯ ಮಣ್ಣು

ಆಸ್ಟ್ರೇಲಿಯದ ಮೂಲನಿವಾಸಿಗಳ ಛಾಯಾಚಿತ್ರಗಳನ್ನು ಬಹುಕಾಲ ತೆಗೆದವರು ಹೆಚ್ಚಾಗಿ ಹೊರಗಿನವರೇ. ಈ ಕ್ರಮವನ್ನು ಬದಲಿಸಿದವರಲ್ಲಿ ಮರ್ವಿನ್ ಬಿಷಪ್ ಪ್ರಮುಖರು. 1945ರಲ್ಲಿ ನ್ಯೂ ಸೌತ್ ವೇಲ್ಸ್‌ನ ಬ್ರೆವಾರಿನಾದಲ್ಲಿ ಹುಟ್ಟಿದ ಈ ಮೂಲನಿವಾಸಿ, ತಾಯಿಯ ಕೊಡಕ್ ಕ್ಯಾಮೆರಾದಿಂದ ಮನೆಯವರ ಚಿತ್ರ ತೆಗೆಯುತ್ತ ಬೆಳೆದರು. 1963ರಲ್ಲಿ ಸಿಡ್ನಿಯ ಪತ್ರಿಕೆಯೊಂದನ್ನು, 1974ರಲ್ಲಿ ಮೂಲನಿವಾಸಿ ವ್ಯವಹಾರಗಳ ಇಲಾಖೆಯನ್ನು ಸೇರಿದರು.

ಅತ್ತ ಉತ್ತರದಲ್ಲಿ, 1966ರಲ್ಲಿ, ವೇವ್ ಹಿಲ್ ಎಂಬ ವಿಶಾಲ ಗೋಮಾಳದಿಂದ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿ ಅವರ ನೇತೃತ್ವದಲ್ಲಿ ಕೆಲಸ ಬಿಟ್ಟು ಹೊರನಡೆದಿದ್ದರು. ಕೂಲಿಯ ಪ್ರಶ್ನೆ ನೆಲದ ಹೋರಾಟವಾಯಿತು. 1975ರ ಆಗಸ್ಟ್ 16ರಂದು ಪ್ರಧಾನಿ ಗಾಫ್ ವಿಟ್ಲಂ ದಾಗುರಾಗುವಿಗೆ ಬಂದು, ಗುತ್ತಿಗೆ ಪತ್ರದೊಂದಿಗೆ ಹಿಡಿ ಮಣ್ಣನ್ನು ಲಿಂಗಿಯಾರಿ ಅವರ ಅಂಗೈಗೆ ಸುರಿದರು.

ಅದು ನಡೆದದ್ದು ಚಪ್ಪರದ ನೆರಳಿನಲ್ಲಿ. ಬೆಳಕು ಸಾಲದೆಂದು ಬಿಷಪ್ ಇಬ್ಬರನ್ನೂ ಬಯಲಿಗೆ ಕರೆದು, ಮತ್ತೊಮ್ಮೆ ಮಣ್ಣು ಸುರಿಯುವಂತೆ ಕೇಳಿಕೊಂಡರು. ಲೋಕ ಇಂದು ಕಾಣುವುದು ನೀಲಿ ಆಕಾಶದ ಕೆಳಗಿನ ಆ ಎರಡನೆಯ ಬಾರಿಯನ್ನು.

ಹಾಗಾದರೆ ಅದು ನಟನೆಯೇ? ಸುದ್ದಿಚಿತ್ರದ ಕಟ್ಟುನಿಟ್ಟಿನಲ್ಲಿ ಹೌದೆನ್ನಬಹುದು. ಬಿಷಪ್ ಗುರಿಂಜಿಯವರೂ ಅಲ್ಲ. ಆದರೆ ನೆಲ ಕಳೆದುಕೊಂಡವರ ಪೈಕಿಯವರೊಬ್ಬರು ಕ್ಯಾಮೆರಾದ ಹಿಂದೆ ನಿಂತು, ಈ ಗಳಿಗೆ ನೆರಳಿನಲ್ಲಿ ಉಳಿಯಕೂಡದೆಂದು ಹೇಳಿದ್ದು ಸಣ್ಣ ಸಂಗತಿಯಲ್ಲ.

ಮಣ್ಣಿನೊಡನೆ ಅಂದು ಬಂದದ್ದು ಗುತ್ತಿಗೆಯಷ್ಟೆ. ಪೂರ್ಣ ಒಡೆತನಕ್ಕೆ ಗುರಿಂಜಿಯವರು 1986ರವರೆಗೆ ಕಾಯಬೇಕಾಯಿತು. ಬಿಷಪ್ ಅವರ ಚಿತ್ರದಲ್ಲಿ ಮಾತ್ರ ನೆಲ ಅಂದೇ ಕೈಸೇರಿತ್ತು.